ತಿಪ್ಪಕ್ಕನ ಮಗ್ಗಿ

ಆ ವರ್ಷದ ಮೊದಲ ಮಳೆಗೆ ಪೇಟೆ ಬೀದಿಯ ಚರಂಡಿಯಲ್ಲಿ ಮೊದಲು ಹರಿದು ಬಂದದ್ದು ಪುರಸಭೆ ಅಧ್ಯಕ್ಷ ಕರಿಸಿದ್ದಪ್ಪನವರ ಧ್ವನಿ. ಆ ಹೊತ್ತಿಗೆ ಅವರು ಕ್ಷೌರದಂಗಡಿಯ ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕೂತಿದ್ದರು. ಬಾಗಿಲ ಮುಂದಿನ ಕೆಂಪು ನೀರು ಅವರದೇ ಗಂಟಲಲ್ಲಿ, ಈ ಊರಿನವರಿಗೆ ನಲ್ಲಿ ಹಾಕಿಸಿಕೊಡುವುದಕ್ಕಿಂತ ಎಮ್ಮೆಗೆ ಮೂಗುತಿ ಹಾಕಿಸುವುದು ವಾಸಿ ಎಂದು ಹೇಳುತ್ತ ಬಸ್ ನಿಲ್ದಾಣದ ಕಡೆಗೆ ಹೋಯಿತು. ಹಿಂದೆಯೇ ಅರ್ಚಕರ ಧ್ವನಿ ಬಂತು. ಮಂತ್ರ ಪೂರ್ತಿ ಹೇಳಿದರೂ ಅರ್ಧ ಹೇಳಿದರೂ ಈ ಜನ ಕಣ್ಣು ಮುಚ್ಚಿಕೊಂಡು ನಿಲ್ಲುವುದು ಒಂದೇ ರೀತಿ ಎಂಬುದು ಅವರ ಅಭಿಪ್ರಾಯ. ಅದರ ಹಿಂದೆ ಕ್ಷೌರಿಕ ಮುನಿಯಪ್ಪನ ಧ್ವನಿ ಬಂದು, ಊರಿನಲ್ಲಿ ಯಾರ ಯಾರ ತಲೆ ಯಾವ ಯಾವ ತರಕಾರಿಯ ಆಕಾರದಲ್ಲಿದೆ ಎಂದು ಹೆಸರು ಹಿಡಿದು ಹೇಳಿತು. ಅಧ್ಯಕ್ಷರ ತಲೆಗೆ ಕುಂಬಳಕಾಯಿ ಬಂದಾಗ ಅವರ ಕೆನ್ನೆಯ ಮೇಲಿದ್ದ ಕತ್ತಿ ಹಾಗೆಯೇ ನಿಂತಿತು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಅಧ್ಯಕ್ಷರೇ, ಮಳೆ ಜೋರಾಗಿದೆ ಅಂದರಂತೆ. ಮುನಿಯಪ್ಪ ಹೌದು ಅಂದನಂತೆ.

ನಮ್ಮೂರಿನ ನೆತ್ತಿಯ ಮೇಲೆ ಒಂದು ದೊಡ್ಡ ಹುಲ್ಲುಗುಡ್ಡವಿದೆ. ಅದನ್ನು ಕಾವಲು ಎನ್ನುತ್ತಾರೆ. ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಆಡಲಾಗದ ಮಾತನ್ನು ಕಾವಲಿಗೆ ಹೋಗಿ ಆಡಿ ಬರುವುದು ಇಲ್ಲಿಯ ಪದ್ಧತಿ. ಒಬ್ಬೊಬ್ಬರಿಗೂ ಒಂದೊಂದು ಜಾಗವಿದೆ. ಕೆಲವರಿಗೆ ಬಂಡೆಯ ಮರೆ, ಕೆಲವರಿಗೆ ತಂಗಡಿ ಗಿಡದ ಬುಡ. ಯಾರಾದರೂ ಮುಖ ಗಂಟು ಹಾಕಿಕೊಂಡಿದ್ದರೆ "ಕಾವಲಿಗೆ ಹೋಗಿ ಬಂದ್ಯಾ?" ಎಂದು ಕೇಳುವುದು, ಬೇರೆ ಊರುಗಳಲ್ಲಿ ಊಟವಾಯಿತೇ ಎಂದು ಕೇಳಿದಷ್ಟೇ ಸಹಜ. ಆಡಿದ ಮಾತು ನೆಲದ ಮೇಲೆ ಬಿದ್ದಿರುತ್ತಿತ್ತು. ಮಳೆ ಬಂದಾಗ ನೀರಿನ ಜೊತೆ ಮಣ್ಣಿಗಿಳಿದು ಬೇರು ಸೇರುತ್ತಿತ್ತು. ನಾನು ಇಲ್ಲಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಬಂದ ಹೊಸತರಲ್ಲಿ ಈ ಊರಲ್ಲಿ ಜಗಳವೇ ಇಲ್ಲದ್ದು ಕಂಡು ಆಶ್ಚರ್ಯಪಟ್ಟಿದ್ದೆ. ಪೊಲೀಸ್ ಠಾಣೆಯ ದಫೇದಾರರು ಹೊತ್ತು ಹೋಗದೆ ಸೇವಂತಿಗೆ ಬೆಳೆಸುತ್ತಿದ್ದರು.

ಆಮೇಲೆ ಕಾವಲು ಸವೆಯುತ್ತ ಬಂತು. ಚಿತ್ತಪ್ಪನ ಕುರಿಮಂದೆ ದೊಡ್ಡದಾಯಿತು. ಊರವರೂ ಮನೆಗೊಂದೆರಡು ಆಡು ಕಟ್ಟಿದರು. ಚಪ್ಪರಕ್ಕೆ, ಬಣವೆಗೆ ಎಂದು ಬೀಜ ಕಟ್ಟುವ ಮೊದಲೇ ಹುಲ್ಲು ಕೊಯ್ದರು. ಸೊಂಟದುದ್ದ ನಿಲ್ಲುತ್ತಿದ್ದ ಕರಡ ಹುಲ್ಲು ಹೋಗಿ ನೆಲಕ್ಕಂಟುವ ಗರಿಕೆ ಉಳಿಯಿತು. ಪೇಟೆಯ ಕಡೆಯ ಇಳಿಜಾರಿನಲ್ಲಿ ಅದೂ ಹೋಗಿ, ಕುರಿ ಮುಟ್ಟದ ತಂಗಡಿ ಗಿಡಗಳೂ ಕೆಂಪು ನೆಲವೂ ಉಳಿದವು. ಹುಲ್ಲಿಲ್ಲದ ನೆಲಕ್ಕೆ ಮಳೆಹನಿ ನೇರವಾಗಿ ಹೊಡೆಯುತ್ತದೆ. ಎದ್ದ ನುಣುಪು ಮಣ್ಣು ನೆಲದ ಸಣ್ಣ ಸಣ್ಣ ಕಂಡಿಗಳನ್ನು ಮೆತ್ತಿ ಮುಚ್ಚುತ್ತದೆ. ಒಣಗಿದ ಮೇಲೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಇದನ್ನು ನಾನು ಒಂದು ಡಾಲ್ಡಾ ಡಬ್ಬದ ತಳ ಕತ್ತರಿಸಿ, ನೆಲಕ್ಕೆ ಒತ್ತಿ, ಒಂದು ಚೊಂಬು ನೀರು ಹೊಯ್ದು ನೋಡಿದ್ದೇನೆ. ಹುಲ್ಲಿದ್ದಲ್ಲಿ ಚೊಂಬು ಕೆಳಗಿಡುವಷ್ಟರಲ್ಲಿ ನೀರು ಮಾಯ. ಬೋಳು ನೆಲದಲ್ಲಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಆರಿಸಿಕೊಂಡು ಕುಡಿದು ಮುಗಿಸಿದರೂ ಡಬ್ಬದಲ್ಲಿ ನೀರು ಹಾಗೇ ನಿಂತು ನನ್ನ ಮುಖ ತೋರಿಸುತ್ತಿತ್ತು. ಒಳಗಿಳಿಯದ ನೀರು ಇಳಿಜಾರು ಹಿಡಿಯುತ್ತದೆ. ಹೋಗುವಾಗ ಮಣ್ಣನ್ನೂ ಮಾತನ್ನೂ ಬಾಚಿಕೊಂಡು ಹೋಗುತ್ತದೆ.

ಜನ ಹೊಂದಿಕೊಂಡರು. ಮೋಡ ಕವಿದರೆ ಅಂಗಡಿಯವರು ರೇಡಿಯೋ ಜೋರು ಮಾಡುವುದು ರೂಢಿಯಾಯಿತು. ಮದುವೆಗೆ ಹೆಣ್ಣು ನೋಡಲು ಬರುವವರಿಗೆ ಬೇಸಿಗೆಯಲ್ಲಿ ಮಾತ್ರ ದಿನ ಕೊಡುತ್ತಿದ್ದರು. ಕೆಲಸವಿಲ್ಲದ ಕೆಲವರು ಕೊಡೆ ಹಿಡಿದು ಮೋರಿಯ ಪಕ್ಕ ಕೂರತೊಡಗಿದಾಗ, ಅವರಿಗೆ ಬಿಸಿ ಬೋಂಡಾ ಮಾರುವವನೊಬ್ಬ ಹುಟ್ಟಿಕೊಂಡ. ಪುರಸಭೆ ತುರ್ತು ಸಭೆ ಕರೆದು ಎರಡು ನಿರ್ಣಯ ಮಾಡಿತು. ಚರಂಡಿಯಲ್ಲಿ ಬಂದ ಮಾತಿಗೆ ಯಾರೂ ಎದುರು ಮಾತಾಡಕೂಡದು ಎಂಬುದು ಒಂದು. ಪೇಟೆ ಕಡೆಯ ಇಳಿಜಾರಿನಲ್ಲಿ ಮೇಯಿಸುವುದನ್ನು ನಿಲ್ಲಿಸಿ, ಚಿತ್ತಪ್ಪನ ಕುರಿಗಳನ್ನು ಮೂಡಲ ಇಳಿಜಾರಿಗೆ ದಾಟಿಸಬೇಕು ಎಂಬುದು ಇನ್ನೊಂದು. ಮೂಡಲ ಕಡೆ ಕರಡ ಇನ್ನೂ ಚೆನ್ನಾಗಿತ್ತು. ಅಧ್ಯಕ್ಷರ ಜಾಗ ಆ ಕಡೆ ಇರಲಿಲ್ಲ.

ತಿಪ್ಪಕ್ಕನ ಜಾಗ ಇದ್ದದ್ದು ಅಲ್ಲೇ. ತಿಪ್ಪಕ್ಕ, ಅವರ ಅತ್ತಿಗೆ ದಾನಮ್ಮ ಇಬ್ಬರೂ ಸೇರಿ ಹೈಸ್ಕೂಲಿನ ಹಿಂದೆ ಊಟದ ಮೆಸ್ಸು ನಡೆಸುತ್ತಾರೆ. ನಾನು ಅಲ್ಲೇ ಉಣ್ಣುವುದು. ತಿಪ್ಪಕ್ಕನ ಅಣ್ಣ ರುದ್ರಣ್ಣ, ಅಂದರೆ ದಾನಮ್ಮನವರ ಗಂಡ, ತೀರಿಕೊಂಡು ಬಹಳ ವರ್ಷವಾಯಿತು. ಅವರಿಗೆ ರಕ್ತದೊತ್ತಡವಿತ್ತು. ಹೋದದ್ದು ಊಟದ ಎಲೆಯ ಮುಂದೆಯೇ. ಆಮೇಲೆ ಅತ್ತಿಗೆ ನಾದಿನಿ ಒಂದೇ ಒಲೆಗೆ ಅಂಟಿಕೊಂಡು ಉಳಿದರು. ಅವರು ಎಂದೂ ಜಗಳವಾಡಿದ್ದಿಲ್ಲ. ಹೊಸ ಸೊಸೆಯರಿಗೆ ಇವರನ್ನು ತೋರಿಸಿ ನೋಡಿ ಕಲಿಯಿರಿ ಎಂದು ಹೇಳುತ್ತಿದ್ದರು. ಪಲ್ಯ ರೊಟ್ಟಿ ತಿಪ್ಪಕ್ಕನದು, ಸಾರು ದಾನಮ್ಮನವರದು. ದಾನಮ್ಮನವರದು ಉಪ್ಪಿನ ಕೈ. ಅವರ ಸಾರು ಉಂಡವರು ಕೈ ತೊಳೆಯುವ ಮೊದಲು ತಂಬಿಗೆ ಹುಡುಕುತ್ತಾರೆ. ಆದರೆ ಆ ವಿಷಯವನ್ನು ಮೆಸ್ಸಿನಲ್ಲಿ ಯಾರೂ ಎತ್ತುವುದಿಲ್ಲ. ಅದಕ್ಕೆ ಬೇರೆ ಜಾಗವಿದೆ.

ನಿರ್ಣಯದ ಸುದ್ದಿ ಬಂದ ಸಂಜೆ ತಿಪ್ಪಕ್ಕ ನನ್ನ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಮೂಡಲ ಕಡೆ ಕುರಿ ಮೇಯಿಸಿದರೆ ಬರುವ ಮುಂಗಾರಿಗೆ ಅಲ್ಲಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಗೊತ್ತಿದ್ದೂ ಕೇಳುವವರ ಹಾಗಿತ್ತು ಅವರ ಮುಖ. ನಾನು ಸತ್ಯ ಹೇಳಿದೆ. ಅಲ್ಲಿಯ ನೀರಿಗೆ ಇರುವುದು ಒಂದೇ ಹಳ್ಳ. ಅದು ಮೆಸ್ಸಿನ ಹಿತ್ತಲಲ್ಲಿ, ದಾನಮ್ಮ ಪಾತ್ರೆ ಬೆಳಗುವ ಕಲ್ಲಿನ ಪಕ್ಕದಲ್ಲೇ ಹರಿಯುತ್ತದೆ. ತಿಪ್ಪಕ್ಕ ಮಂಚದ ಮೇಲೆ ಕೂತರು.

"ಟೀಚರಮ್ಮ, ಅಣ್ಣ ಹೋದ ವರ್ಷ ನಾನು ಅಲ್ಲಿ ಹೋಗಿ ಒಂದು ಮಾತಂದಿದೀನಿ. ನಿನ್ ಉಪ್ಪಿನ ಕೈಯೇ ನಮ್ಮಣ್ಣನ್ನ ತಿಂತು ಅಂತ. ಒಂದ್ಸಲ ಅಲ್ಲ, ಸೋಮವಾರ ಸೋಮವಾರ ಹೋಗಿ ಅಂದಿದೀನಿ." ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ಹಂಗನ್ನಿಸಲ್ಲ. ಆದ್ರೆ ಮಣ್ಣಿಗೆ ಅದು ಗೊತ್ತಿಲ್ವಲ್ಲ."

ನೀವೇ ಹೋಗಿ ಅತ್ತಿಗೆಗೆ ಹೇಳಿಬಿಡಿ ಎಂದೆ. ಅದಕ್ಕೂ ಅವರಲ್ಲಿ ಉತ್ತರವಿತ್ತು. ನಾನು ಈಗ ಹೇಳಿದರೆ ಈಗಿನ ಧ್ವನಿಯಲ್ಲಿ ಹೇಳುತ್ತೇನೆ, ನೀರು ಹೇಳಿದರೆ ಆಗಿನ ಧ್ವನಿಯಲ್ಲಿ ಹೇಳುತ್ತದೆ. ಎರಡನೆಯದನ್ನು ಕೇಳಿದ ಮೇಲೆ ಮೊದಲನೆಯದನ್ನು ಯಾರು ನಂಬುತ್ತಾರೆ ಎಂದರು.

ಮರುದಿನ ಇಬ್ಬರೂ ಮೂಡಲ ಇಳಿಜಾರಿಗೆ ಹೋದೆವು. ತಿಪ್ಪಕ್ಕನ ಜಾಗದಲ್ಲಿ ಹುಲ್ಲು ಉಳಿದೆಲ್ಲಕ್ಕಿಂತ ಎತ್ತರವಾಗಿತ್ತು. ಬೈಗುಳವೇ ಗೊಬ್ಬರವಾಗಿದೆ ಎಂದು ತಿಪ್ಪಕ್ಕ ಸಂಕೋಚಪಟ್ಟರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಸುತ್ತ ನೋಡಿದೆ. ಯಾರು ಯಾರು ಎಲ್ಲೆಲ್ಲಿ ಕೂಗಾಡುತ್ತಾರೋ ಅಲ್ಲೆಲ್ಲ ಹುಲ್ಲು ಚೆನ್ನಾಗಿತ್ತು. ಮೆತ್ತಗೆ ಗೊಣಗುವವರ ಜಾಗ ಮಾತ್ರ ಬೋಳಾಗಿತ್ತು. ಕಾರಣ ಸರಳ. ಮನುಷ್ಯ ಕಿರುಚಿದ ಕಡೆ ಕುರಿ ಬರುವುದಿಲ್ಲ. ಕುರಿ ಬಾರದಿದ್ದರೆ ಹುಲ್ಲು ಬೇರು ಬಿಡುತ್ತದೆ, ಬೇರು ಬಿಟ್ಟರೆ ನೆಲ ಬಾಯಿ ತೆರೆಯುತ್ತದೆ. ಇದನ್ನು ವಿವರಿಸಿದಾಗ ತಿಪ್ಪಕ್ಕನ ಮುಖ ಅರಳಿತು. ಹಾಗಾದರೆ ದಿನಾ ಬಂದು ಕಿರುಚಿದರಾಯಿತು ಅಂದರು. ಕೂಡಲೇ ಮುಖ ಸಪ್ಪಗಾಯಿತು. ಕಿರುಚುವುದಕ್ಕೆ ಏನಾದರೂ ಮಾತು ಬೇಕು. ಮಾತಾಡಿದರೆ ಅದೂ ಮಣ್ಣಿಗೆ ಸೇರುತ್ತದೆ. ಇರುವ ಪಾಪಕ್ಕೆ ಇನ್ನಷ್ಟು ಸೇರಿಸಿದ ಹಾಗೆ.

ಯಾರಿಗೂ ನೋವಾಗದ ಮಾತು ಯಾವುದು ಎಂದು ಇಬ್ಬರೂ ಬಂಡೆಯ ಮೇಲೆ ಕೂತು ಯೋಚಿಸಿದೆವು. ಹಾಡು ಎಂದೆ, ಹಾಡಿನಲ್ಲಿ ಎಲ್ಲರೂ ಯಾರನ್ನಾದರೂ ಬಿಟ್ಟು ಹೋಗಿರುತ್ತಾರೆ, ಅತ್ತಿಗೆ ತನಗೇ ಅಂದದ್ದು ಅಂದುಕೊಂಡಾಳು ಎಂದರು ತಿಪ್ಪಕ್ಕ. ದೇವರ ನಾಮವೂ ಆಗಲಿಲ್ಲ. ಎಂಜಲು ಪಾತ್ರೆ ತೊಳೆಯುವ ಹಳ್ಳದಲ್ಲಿ ದೇವರ ಹೆಸರು ಹರಿಯುವುದು ಅವರಿಗೆ ಸರಿಕಾಣಲಿಲ್ಲ. ಕೊನೆಗೆ ನಾನು ಮಗ್ಗಿ ಎಂದೆ.

ಹೀಗೆ ತಿಪ್ಪಕ್ಕ ಪ್ರತಿ ಮಧ್ಯಾಹ್ನ ಬಡಿಸುವ ಕೆಲಸ ಮುಗಿಸಿ, ಊಟವನ್ನೂ ಮಾಡದೆ, ಮೂಡಲ ಇಳಿಜಾರಿಗೆ ಹೋಗಿ ನಿಂತು ಗಂಟಲು ಹರಿಯುವಂತೆ ಮಗ್ಗಿ ಹೇಳತೊಡಗಿದರು. ಅವರು ಶಾಲೆ ಬಿಟ್ಟದ್ದು ಮೂರನೇ ಇಯತ್ತೆಗೆ. ಐದರವರೆಗೆ ಮಗ್ಗಿ ಚೊಕ್ಕವಾಗಿತ್ತು. ಆರಕ್ಕೆ ಸ್ವಲ್ಪ ತೂರಾಟ. ಏಳರಲ್ಲಿ ಪ್ರತಿ ಸಲವೂ ಒಂದೇ ಗುಂಡಿಗೆ ಬೀಳುತ್ತಿದ್ದರು. "ಏಳೆಂಟ್ಲಿ ಐವತ್ನಾಲ್ಕು" ಎಂದು ಗುಡ್ಡ ಅದುರುವಂತೆ ಕೂಗುತ್ತಿದ್ದರು. ತಿದ್ದಬಹುದಿತ್ತು. ಆದರೆ ಅವರು ಎಷ್ಟು ಭಕ್ತಿಯಿಂದ ಕೂಗುತ್ತಿದ್ದರೆಂದರೆ, ವೃತ್ತಿಯಿಂದ ಟೀಚರಾದ ನನಗೂ ಬಾಯಿ ಬರಲಿಲ್ಲ.

ಕುರಿಗಳು ಆ ಕಡೆ ತಲೆ ಹಾಕುವುದನ್ನು ಬಿಟ್ಟವು. ಚಿತ್ತಪ್ಪ ಕೋಲು ಊರಿಕೊಂಡು ಜಗಳಕ್ಕೆಂದೇ ಬಂದ. ಕಾವಲಿಗೇ ಕಾವಲು ಕೂರುವುದು ಯಾವ ನ್ಯಾಯ ಎಂದು ಕೇಳಿದ. "ಟೀಚರಮ್ಮ, ಬೈಗುಳಕ್ಕೆ ನನ್ ಕುರಿ ಒಂದು ಮಾರು ಸರೀತಿದ್ವು, ಅಷ್ಟೇ. ಲೆಕ್ಕ ಕೇಳಿದ್ರೆ ಬೇಲಿ ಹಾರ್ತವೆ. ನನ್ನಂಗೇ ಅವೂವೆ." ನಾನು ಅವನನ್ನು ಕರೆದುಕೊಂಡು ಹೋಗಿ, ಕುರಿ ಮೇದ ಕಡೆ ಒಂದು ಚಾಪೆಯಗಲದ ಹುಲ್ಲು ಕೊಯ್ದು ತೋರಿಸಿದೆ, ಒಂದು ಹಿಡಿ ಬಂತು. ಮಗ್ಗಿ ಕೇಳಿದ ಕಡೆ ಅಷ್ಟೇ ಅಗಲದಲ್ಲಿ ಕೊಯ್ದಾಗ ಅವನೇ ಎರಡೂ ತೋಳಲ್ಲಿ ತಬ್ಬಿ ಎತ್ತಿದ. ಬುಡಕ್ಕೆ ಬಾಯಿ ಹಾಕಿಸಿದರೆ ಹುಲ್ಲಿಗೆ ಮತ್ತೆ ಎಲೆ ಬಿಡಲು ಶಕ್ತಿಯೇ ಇರುವುದಿಲ್ಲ. ಒಂದು ಗೇಣು ಬಿಟ್ಟು ಮೇಯಿಸಿ, ಆ ತುಂಡನ್ನು ಮುಚ್ಚಿ ಮುಂದಿನ ತುಂಡಿಗೆ ಹೋದರೆ, ಇದೇ ಗುಡ್ಡ ಇದೇ ಮಂದೆಯನ್ನು ಸಾಕುತ್ತದೆ ಎಂದೆ. ಅವನು ತಬ್ಬಿದ ಹುಲ್ಲನ್ನು ಕೆಳಗಿಡದೆ ಬಹಳ ಹೊತ್ತು ಯೋಚಿಸಿದ. ಆಮೇಲೆ ಜಾಲಿಮುಳ್ಳು ಕಡಿದು ತಂದು ಇಳಿಜಾರನ್ನು ತುಂಡು ತುಂಡು ಮಾಡಿ ಬೇಲಿ ಎಳೆದ. ಆದರೆ ತಿಪ್ಪಕ್ಕನ ಮಗ್ಗಿ ನಿಲ್ಲಕೂಡದು ಎಂದು ಷರತ್ತು ಹಾಕಿದ. ಮುಳ್ಳು ದಾಟುವ ಆಡುಗಳೂ ಮಗ್ಗಿ ದಾಟುವುದಿಲ್ಲ ಎಂಬುದನ್ನು ಅವನು ಅಷ್ಟರಲ್ಲಿ ಕಂಡುಕೊಂಡಿದ್ದ.

ಎಲ್ಲ ಸರಿಹೋಯಿತು ಅನ್ನುವಾಗ ದಾನಮ್ಮ ತಪ್ಪು ತಿಳಿದರು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಉಂಡವಳು ಈಗ ಊಟದ ಹೊತ್ತಿಗೆ ಮಾಯವಾದರೆ ಯಾರಿಗಾದರೂ ಏನನ್ನಿಸಬೇಕು? ಸಾರಿನ ಪಾತ್ರೆ ಮುಚ್ಚಿದಾಗ ಮುಚ್ಚಳದ ಸದ್ದು ಜೋರಾಗತೊಡಗಿತು. ಒಂದು ಮಧ್ಯಾಹ್ನ ಅವರು ಊಟದ ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ನಾನು ಅಲ್ಲೇ ಡಬ್ಬಕ್ಕೆ ನೀರು ಹೊಯ್ದುಕೊಂಡು ಕೂತಿದ್ದೆ. ತಿಪ್ಪಕ್ಕ ನಿಂತಿದ್ದದ್ದು ಸರಿಯಾಗಿ ಆ ಜಾಗದ ಮೇಲೆಯೇ.

"ನನ್ ಕೈಯೂಟ ಬ್ಯಾಡಾಂತ ಇಲ್ಲಿ ಬಂದು ನಿಂತಿದೀಯಾ ತಿಪ್ಪಿ?" ಎಂದರು ದಾನಮ್ಮ.

ಅಲ್ಲಿ ನಿಂತು ಮಗ್ಗಿ ಬಿಟ್ಟು ಬೇರೊಂದು ಮಾತಾಡಿದರೆ ಹಳೆಯದೆಲ್ಲ ಎದ್ದು ಬಂದೀತೆಂಬ ಹೆದರಿಕೆ ತಿಪ್ಪಕ್ಕನ ತಲೆಯಲ್ಲಿ ಕೂತುಬಿಟ್ಟಿತ್ತು. ನನ್ನನ್ನೊಮ್ಮೆ ನೋಡಿ, ಅತ್ತಿಗೆಯನ್ನೊಮ್ಮೆ ನೋಡಿ, "ಎಂಟೊಂದ್ಲಿ ಎಂಟು" ಅಂದರು.

"ಕೇಳಿದ್ದಕ್ಕೆ ಬಾಯಿಬಿಡು."

"ಎಂಟೆರಡ್ಲಿ ಹದಿನಾರು," ಎಂದು ತಿಪ್ಪಕ್ಕ ಗೋಗರೆದರು. ಎಂಟ್ಮೂರ್ಲಿ ಎನ್ನುವಾಗ ಕೈ ಮುಗಿದರು. ಇಪ್ಪತ್ನಾಲ್ಕು ಎನ್ನುವಾಗ ಕಣ್ಣಲ್ಲಿ ನೀರಿತ್ತು. ದಾನಮ್ಮ ಕ್ಯಾರಿಯರನ್ನು ಬಂಡೆಯ ಮೇಲೆ ಕುಕ್ಕಿ ಇಳಿದು ಹೋದರು. ಮನೆಯಲ್ಲಿ ತಿಪ್ಪಕ್ಕ, ಡಾಕ್ಟರು ಊಟಕ್ಕೆ ಮುಂಚೆ ಗುಡ್ಡ ಹತ್ತಬೇಕು ಅಂದಿದ್ದಾರೆ ಎಂದು ಸುಳ್ಳು ಹೇಳಿದರು. ಗುಡ್ಡ ಹತ್ತಿ ಮಗ್ಗಿ ಹೇಳು ಅಂತಲೂ ಡಾಕ್ಟರೇ ಹೇಳಿದರಾ ಎಂದು ದಾನಮ್ಮ ಕೇಳಿದರಂತೆ.

ಆದರೂ ಮರುದಿನ ಕ್ಯಾರಿಯರ್ ಸಮೇತ ಮತ್ತೆ ಬಂದರು. ಈ ಸಲ ಏನೂ ಕೇಳದೆ ಬಂಡೆಯ ಮೇಲೆ ಕೂತು, ಗಲ್ಲಕ್ಕೆ ಕೈ ಕೊಟ್ಟುಕೊಂಡು, ನಾದಿನಿ ಕೂಗುವುದನ್ನು ಕೇಳಿದರು. ತಿಪ್ಪಕ್ಕ ಐದು ದಾಟಿದರು, ಆರರಲ್ಲಿ ತೂರಾಡಿದರು, ಏಳಕ್ಕೆ ಬಂದು ಎಂದಿನ ಗುಂಡಿಗೆ ಬಿದ್ದರು. ದಾನಮ್ಮನವರ ತುಟಿ ಅಲುಗಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. "ಐವತ್ತಾರು ಕಣೆ. ಏಳೆಂಟ್ಲಿ ಐವತ್ತಾರು. ನಿಮ್ಮಣ್ಣನೂ ಹಿಂಗೇ ತಪ್ಪು ಹೇಳ್ತಿದ್ರು."

ತಿಪ್ಪಕ್ಕ ಅಲ್ಲೇ ಹುಲ್ಲಿನಲ್ಲಿ ಕೂತುಬಿಟ್ಟರು. ದಾನಮ್ಮ ತಟ್ಟೆಗೆ ಅನ್ನ ಹಾಕಿ ಸಾರು ಬಡಿಸಿದರು. ಆವತ್ತಿನಿಂದ ಇಬ್ಬರ ಊಟವೂ ಅಲ್ಲೇ ಆಗತೊಡಗಿತು. ಊಟ ಮುಗಿಸಿ ಇಬ್ಬರೂ ನಿಂತು ಮಗ್ಗಿ ಹೇಳುತ್ತಿದ್ದರು. ಯಾತಕ್ಕೆ ಎಂದು ದಾನಮ್ಮ ಕೊನೆಯವರೆಗೂ ಕೇಳಲಿಲ್ಲ. ಅವರಿಗೆ ಹದಿನಾರರವರೆಗೆ ಮಗ್ಗಿ ಬರುತ್ತಿತ್ತು. ಆದ್ದರಿಂದ ಕುರಿಗಳು ಇನ್ನೂ ದೂರ ಸರಿದವು.

ಮುಂದಿನ ಮುಂಗಾರು ಒಂದು ಮಧ್ಯಾಹ್ನ ಬಂತು. ಪೇಟೆಯಲ್ಲಿ ರೇಡಿಯೋಗಳು ಮೊರೆಯತೊಡಗಿದವು. ನಾನು ಮೆಸ್ಸಿನ ಹಿತ್ತಲ ಜಗಲಿಯಲ್ಲಿದ್ದೆ. ದಾನಮ್ಮ ಕಲ್ಲಿನ ಮೇಲೆ ಕೂತು, ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಸಾರಿನ ಪಾತ್ರೆ ಉಜ್ಜುತ್ತಿದ್ದರು. ಮಳೆ ನಿಂತ ಮೇಲೆ ಉಜ್ಜಬಹುದು ಒಳಗೆ ಬಾ ಎಂದು ತಿಪ್ಪಕ್ಕ ಮೂರು ನೆಪ ಹೇಳಿ ಕರೆದರು. ಹಿಂದಿನ ವರ್ಷ ಪೇಟೆಯಲ್ಲಿ ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ಚರಂಡಿ ಮಾತಾಡಿತ್ತು. ಇಲ್ಲಿ ಮಳೆ ಜೋರಾಗಿ, ಇನ್ನೂ ಜೋರಾಗಿ, ಹೆಂಚಿನ ಮೇಲೆ ಕಲ್ಲೆಸೆದಂತೆ ಸುರಿದರೂ ಹಳ್ಳ ಖಾಲಿಯೇ ಇತ್ತು. ಗುಡ್ಡ ಕುಡಿಯುತ್ತಿತ್ತು. ತಿಪ್ಪಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಮಳೆ ಇಳಿಮುಖವಾದ ಮೇಲೆ ಹಳ್ಳದಲ್ಲಿ ನೀರು ಕಂಡಿತು. ಕೆಂಪಗಿರಲಿಲ್ಲ, ಬೆರಳ ಗಾತ್ರದ ತಿಳಿನೀರು. ಕಾಲುದಾರಿಯ ಮೇಲೆ ಬಿದ್ದದ್ದಷ್ಟೇ ಬಂದಿರಬೇಕು, ಅಲ್ಲಿ ಮಾತ್ರ ಹುಲ್ಲಿರಲಿಲ್ಲ. ಕಲ್ಲಿನ ಹತ್ತಿರ ಬಂದು ಅದು ತಿಪ್ಪಕ್ಕನ ಧ್ವನಿಯಲ್ಲಿ, ಗಂಟಲು ಹರಿಯುವಂತೆ, "ಏಳೆಂಟ್ಲಿ ಐವತ್ನಾಲ್ಕು" ಅಂದಿತು. ಒಂದು ಕ್ಷಣ ಬಿಟ್ಟು ದಾನಮ್ಮನವರ ಧ್ವನಿಯಲ್ಲಿ "ಐವತ್ತಾರು ಕಣೆ" ಅಂದಿತು. ಆಮೇಲೆ ಸುಮ್ಮನಾಯಿತು. ದಾನಮ್ಮ ಬೂದಿ ಮೆತ್ತಿದ ಕೈ ಬಾಯಿಗಡ್ಡ ಹಿಡಿದು, ಪಾತ್ರೆ ಉರುಳಿ ಹೋಗುವಷ್ಟು ನಕ್ಕರು. ತಿಪ್ಪಕ್ಕನೂ ನಗುತ್ತ ನಗುತ್ತ ಹೊಸ್ತಿಲ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆ ನೀರು ಅಲ್ಲಿಂದ ಪ್ರಾಥಮಿಕ ಶಾಲೆಯ ಪಕ್ಕದಲ್ಲಿ ಹಾದು ಹೋದದ್ದರಿಂದ, ಆ ವರ್ಷ ಎರಡನೇ ತರಗತಿಯ ಅರ್ಧ ಮಕ್ಕಳು ಪರೀಕ್ಷೆಯಲ್ಲಿ ಐವತ್ನಾಲ್ಕು ಎಂದು ಬರೆದರು. ಗುಡ್ಡವೇ ಹೇಳಿದ್ದು ತಪ್ಪಾಗುವುದು ಹೇಗೆ ಎಂಬುದು ಅವರ ವಾದ.

ಆ ವರ್ಷ ಮೂಡಲ ಇಳಿಜಾರಿನಲ್ಲಿ ಕರಡ ಚಿತ್ತಪ್ಪನ ಎದೆಯುದ್ದ ಬಂತು. ಪೇಟೆಯ ಕಡೆಗೂ ಮುಳ್ಳಿನ ಬೇಲಿ ಎಳೆದರು. ಪುರಸಭೆ ಸದಸ್ಯರು ಸರದಿಯ ಮೇಲೆ ಹೋಗಿ ಮಗ್ಗಿ ಹೇಳುತ್ತಾರೆ. ಅಧ್ಯಕ್ಷರಿಗೆ ನಾಲ್ಕರ ಮಗ್ಗಿ ಕೊಟ್ಟಿದ್ದಾರೆ. ಮೆಸ್ಸಿನ ಬಾವಿಯಲ್ಲಿ ನೀರು ಕೊಡಕ್ಕೆ ಸಿಗುವಷ್ಟು ಮೇಲೆ ಬಂತು. ಗುಡ್ಡ ಕುಡಿದದ್ದು ನಿಧಾನವಾಗಿ ನೆಲದೊಳಗೇ ಇಳಿದು ಬಂದು ಅಲ್ಲಿ ಸೇರುತ್ತದೆ. ಹಾಗೆ ಸೋಸಿ ಬಂದ ನೀರಿನಲ್ಲಿ ಮಾತು ಇರುವುದಿಲ್ಲ. ನಾನು ಬಹಳ ಸಲ ಬಾವಿಯೊಳಗೆ ಕಿವಿಗೊಟ್ಟು ಕೇಳಿದ್ದೇನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಮಧ್ಯಾಹ್ನ ಮೊದಲ ತುತ್ತಿಗೇ ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿ ಮುಖ ಮುಖ ನೋಡಿಕೊಂಡೆವು. ಸಾರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ದಾನಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಬಾವಿ ನೀರು ಈ ಸಲ ಯಾಕೋ ಉಪ್ಪುಪ್ಪು ಅನ್ನಿಸ್ತು. ಅದಕ್ಕೇ ಕೈ ಹಿಡಿದು ಹಾಕ್ದೆ."

ಆ ಸಂಜೆ ನಾನು ಬಾವಿಯ ನೀರನ್ನು ಶಾಲೆಯ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷೆ ಮಾಡಿದೆ. ಹೋದ ವರ್ಷಕ್ಕಿಂತ ಅದರಲ್ಲಿ ಉಪ್ಪಿನಂಶ ಕಡಿಮೆಯೇ ಇತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಕಾವಲಿಗೂ ಹೋಗಿ ಹೇಳಿಲ್ಲ.

ಆ ಮಧ್ಯಾಹ್ನ ಮಾತ್ರ, ದಾನಮ್ಮನವರ ಮಾತು ಕೇಳಿದ ತಿಪ್ಪಕ್ಕ ಬಡಿಸುವ ಸೌಟು ಹಿಡಿದು ಸಾಲಿನ ನಡುವೆ ನಿಂತುಬಿಟ್ಟಿದ್ದರು. ಆಮೇಲೆ ಸೌಟು ಕೆಳಗಿಟ್ಟು, ಒಂದು ತಟ್ಟೆಗೆ ಅನ್ನ ಸಾರು ಹಾಕಿಕೊಂಡು, ನಮ್ಮೆದುರಿಗೇ ಒಂದು ತುತ್ತು ಉಂಡು, ಒಲೆಯ ಹತ್ತಿರ ಹೋಗಿ ತಟ್ಟೆ ಮುಂದೆ ಚಾಚಿದರು.

"ಸಪ್ಪೆ ಆಗಿದೆ ಅತ್ತಿಗೆ," ಅಂದರು. "ನಿನ್ ಕೈಯಲ್ಲೇ ಒಂಚೂರು ಹಾಕು."

ದಾನಮ್ಮ ತಿರುಗಿ ಅವರನ್ನು ನೋಡಿದರು. ಉಪ್ಪಿನ ಮರಿಗೆಗೆ ಕೈ ಹಾಕಿ ನಾದಿನಿಯ ತಟ್ಟೆಗೆ ಒಂಚೂರು ಉದುರಿಸಿದರು. ಆಮೇಲೆ ಸಾರಿನ ದೊಡ್ಡ ಪಾತ್ರೆಗೂ ಹಾಕಿದರು, ಎಂದಿನ ಹಾಗೆ, ಬೊಗಸೆಯಲ್ಲಿ. ಅವತ್ತು ನಾವೆಲ್ಲ ಎರಡೆರಡು ತಂಬಿಗೆ ನೀರು ಕುಡಿದು ಎದ್ದೆವು. ಬಾವಿಯಲ್ಲಿ ನೀರಿಗೇನೂ ಕೊರತೆಯಿರಲಿಲ್ಲ.